ಫೋರ್ ವೀಲ್ ಒಂದು ದಿನಾನೂ ಹಾಕಿಲ್ಲ

2019ರ ಮಾರ್ಚ್‌ನಲ್ಲಿ ಮೈಸೂರಿನ ಕುವೆಂಪುನಗರದ ಒಂದು ಮನೆ ಮುಂದೆ ನಿಂತು ಕೇಳಿದ ಮಾತು ಇನ್ನೂ ನನ್ನ ತಲೆಯಿಂದ ಹೋಗಿಲ್ಲ. ಮನೆ ಯಜಮಾನರು ನಿವೃತ್ತ ಮೇಷ್ಟ್ರು. ಕಾಂಪೌಂಡಿನೊಳಗೆ ಹೊದಿಕೆ ಹಾಕಿ ನಿಲ್ಲಿಸಿದ್ದ ಬಿಳಿ ಜಿಪ್ಸಿ, 1998ರ ಮಾಡೆಲ್. ಹೊದಿಕೆಯನ್ನು ಅವರೇ ನಿಧಾನವಾಗಿ ಮಡಿಚಿ ಪಕ್ಕಕ್ಕಿಟ್ಟರು. ಸೀಟಿನ ಮೇಲೆ ಒಂದು ಹರಕು ಇರಲಿಲ್ಲ. ಬಾನೆಟ್ ಎತ್ತಿದರೆ ಧೂಳು ಇರಲಿಲ್ಲ. ಅವರು ಗೇರ್ ಪಕ್ಕದ, ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಕೊಡುವ ಸಣ್ಣ ಲಿವರ್ ತೋರಿಸಿ, "ನೋಡಿ, ಫೋರ್ ವೀಲ್ ಒಂದು ದಿನಾನೂ ಹಾಕಿಲ್ಲ. ಮುಟ್ಟೇ ಇಲ್ಲ ನಾನು" ಅಂದರು. ಆ ಮಾತಿನಲ್ಲಿ ಹೆಮ್ಮೆ ಇತ್ತು. ನನಗೂ ಅದು ಒಳ್ಳೆಯ ಸುದ್ದಿಯಾಗಿಯೇ ಕೇಳಿಸಿತು. ಇಷ್ಟು ಜೋಪಾನವಾಗಿ ಇಟ್ಟುಕೊಂಡಿದ್ದಾರೆ, ಒಂದು ಸಲವೂ ಕೆಸರಿಗೆ ಇಳಿಸಿಲ್ಲ, ಇನ್ನೇನು ಬೇಕು ಅಂದುಕೊಂಡೆ. ಒಂದು ಲಕ್ಷ ತೊಂಬತ್ತು ಸಾವಿರಕ್ಕೆ ಮಾತಾಯಿತು. ಅಂದೇ ಸಂಜೆ ಅಡ್ವಾನ್ಸ್ ಕೊಟ್ಟೆ.

ಅವರು ಸುಳ್ಳು ಹೇಳಲಿಲ್ಲ. ಅದನ್ನು ಮೊದಲೇ ಹೇಳಿಬಿಡಬೇಕು. ನಿಜವಾಗಿಯೂ ಹಾಕಿರಲಿಲ್ಲ. ಗಾಡಿ ಮಾರುವವರು ಈ ಮಾತನ್ನು ಈಗಲೂ ಹೇಳುತ್ತಾರೆ. ಗೆಳೆಯರಿಗೆ ಹಳೇ ಜೀಪು ನೋಡಲು ಜೊತೆಗೆ ಹೋದಾಗಲೆಲ್ಲ ಕೇಳಿದ್ದೇನೆ. ಒಬ್ಬರು "ಆಫ್ ರೋಡ್ ಮಾಡಿಸಿಲ್ಲ" ಅನ್ನುತ್ತಾರೆ, ಇನ್ನೊಬ್ಬರು "ಬರೀ ಸಿಟಿ ಗಾಡಿ" ಅನ್ನುತ್ತಾರೆ. ಕೊಳ್ಳುವವನ ಮುಖ ಅರಳುತ್ತದೆ. ನನ್ನದೂ ಅರಳಿತ್ತಲ್ಲ. ಆದರೆ ಆ ಒಂದು ಮಾತಿನ ಒಳಗೆ ಏನಿದೆ ಅಂತ ತಿಳಿಯಲು ನನಗೆ ಐದು ತಿಂಗಳು, ಒಂದು ಮಳೆಗಾಲ ಮತ್ತು ಪಕ್ಕದ ಹೊಲದವರ ಟ್ರ್ಯಾಕ್ಟರ್ ಬೇಕಾಯಿತು.

ನಮ್ಮ ತೋಟದ ದಾರಿ

ನಮ್ಮೂರು ಪಾಂಡವಪುರ ತಾಲ್ಲೂಕಿನಲ್ಲಿ, ನಾಲೆ ಬಯಲು. ನಾನಿರುವುದು ಮೈಸೂರಿನಲ್ಲಿ. ಅಪ್ಪ ಹೋದ ಮೇಲೆ ಜಮೀನು ನೋಡಿಕೊಳ್ಳುತ್ತಿರುವುದು ಚಿಕ್ಕಪ್ಪ. ಊರಿನವರೆಗೆ ಟಾರು ಇದೆ. ಊರಿಂದ ತೋಟಕ್ಕೆ ಒಂದೂವರೆ ಕಿಲೋಮೀಟರ್ ಗಾಡಿ ದಾರಿ. ಬೇಸಿಗೆಯಲ್ಲಿ ಯಾವ ಕಾರು ಬೇಕಾದರೂ ಹೋಗುತ್ತದೆ. ನಾಲೆಗೆ ನೀರು ಬಿಟ್ಟು, ಎರಡೂ ಕಡೆ ಗದ್ದೆ ನಾಟಿ ಶುರುವಾಯಿತು ಅಂದರೆ ಕತೆಯೇ ಬೇರೆ. ತೆವರಿಯಿಂದ ನೀರು ಜಿನುಗಿ ದಾರಿ ಪೂರಾ ನೆನೆಯುತ್ತದೆ. ಅದರ ಮೇಲೆ ಗದ್ದೆಗೆ ಇಳಿಯುವ ಟ್ರ್ಯಾಕ್ಟರ್‌ಗಳು ಓಡಾಡಿ ಮೊಣಕಾಲುದ್ದದ ಕೊರಕಲು ಬೀಳುತ್ತವೆ. ಮಧ್ಯದ ದಿಬ್ಬ ಕಾರಿನ ಹೊಟ್ಟೆಗೆ ತಾಗುತ್ತದೆ. ನನ್ನ ಸಣ್ಣ ಕಾರನ್ನು ಊರಲ್ಲೇ ಬಿಟ್ಟು, ಪ್ಯಾಂಟು ಮಡಿಚಿಕೊಂಡು ನಡೆದು ಹೋಗುತ್ತಿದ್ದೆ. ನಿಜ ಹೇಳಬೇಕೆಂದರೆ ಹೋಗುವುದನ್ನೇ ಕಮ್ಮಿ ಮಾಡಿದ್ದೆ. ಯುಗಾದಿಗೊಂದು ಸಲ, ಪಿತೃಪಕ್ಷಕ್ಕೊಂದು ಸಲ, ಅಷ್ಟೆ.

ಹಾಗಾಗಿ ಜೀಪು ಬೇಕು ಅನ್ನಿಸಿತು. ನಮ್ಮ ಕಡೆ ಇವನ್ನೆಲ್ಲ ಜೀಪು ಅಂತಲೇ ಕರೆಯುವುದು, ಮಹೀಂದ್ರಾ ಆಗಲಿ ಜಿಪ್ಸಿ ಆಗಲಿ. ಹೊಸದಕ್ಕೆ ನನ್ನಲ್ಲಿ ದುಡ್ಡಿರಲಿಲ್ಲ. ಡೀಸೆಲ್ ಜೀಪಿನ ಸದ್ದು ಮನೆಯವರಿಗೆ ಆಗದು. ಹಾಗೆ ಜಿಪ್ಸಿಗೆ ಬಂದು ನಿಂತೆ. ಮಾರುತಿಯವರು ಜಿಪ್ಸಿ ತಂದಿದ್ದು 1985ರ ಕೊನೆಯಲ್ಲಿ, 970 ಸಿಸಿ ಎಂಜಿನ್ ಇಟ್ಟು. 1996ರಲ್ಲಿ 1298 ಸಿಸಿಯ ಕಿಂಗ್ ಬಂತು. ನನ್ನದು ಅದೇ ಕಿಂಗ್, ಕಾರ್ಬುರೇಟರ್ ಇರುವುದು. ನಾಲ್ಕೂ ಕಡೆ ಲೀಫ್ ಪ್ಲೇಟು. ಕೂತರೆ ಬೆನ್ನಿಗೆ ಗೊತ್ತಾಗುತ್ತದೆ. ಆದರೆ ಹಗುರವಾದ ಗಾಡಿ. ಕೆಸರಿನಲ್ಲಿ ಹಗುರ ಅನ್ನುವುದು ದೊಡ್ಡ ಗುಣ.

ಆಗಸ್ಟ್ ತಿಂಗಳ ಆ ಬೆಳಿಗ್ಗೆ

ಆ ವರ್ಷ ಆಗಸ್ಟ್‌ನಲ್ಲಿ ಕೊಡಗಿನ ಕಡೆ ವಿಪರೀತ ಮಳೆ. ಕಾವೇರಿ ತುಂಬಿ ಹರಿಯುತ್ತಿತ್ತು, ನಾಲೆಯಲ್ಲೂ ನೀರು. ಒಂದು ಭಾನುವಾರ ಚಿಕ್ಕಪ್ಪನನ್ನು ಕೂರಿಸಿಕೊಂಡು, ಹಿಂದೆ ಎರಡು ಮೂಟೆ ಗೊಬ್ಬರ ಹಾಕಿಕೊಂಡು ತೋಟದ ದಾರಿ ಹಿಡಿದೆ. ಮನಸ್ಸಿನಲ್ಲಿ ಖುಷಿ. ಈ ದಾರಿಗಾಗಿಯೇ ಕೊಂಡ ಗಾಡಿ ಇದು. ಟಾರು ಮುಗಿಯುವ ಕಡೆ ಇಳಿದು ಮುಂದಿನ ಎರಡೂ ಚಕ್ರದ ಹಬ್ಬನ್ನು ಫ್ರೀಯಿಂದ ಲಾಕ್‌ಗೆ ತಿರುಗಿಸಿದೆ. ಹಬ್ಬು ಅಂದರೆ ಚಕ್ರದ ನಡುವಿನ ಭಾಗ; ಅದನ್ನು ಲಾಕ್ ಮಾಡಿದರೆ ಮಾತ್ರ ಮುಂದಿನ ಚಕ್ರ ಒಳಗಿನ ಶಾಫ್ಟಿಗೆ ಸೇರುತ್ತದೆ. ಹಿಂದೆ ಯಾರೋ ಕೈಯಲ್ಲಿ ತಿರುಗಿಸುವ ಹಬ್ಬು ಹಾಕಿಸಿದ್ದರು. ಬಲಗಡೆಯದು ಸುಲಭವಾಗಿ ತಿರುಗಿತು. ಎಡಗಡೆಯದು ಬಿಗಿ ಇತ್ತು, ಬಟ್ಟೆ ಸುತ್ತಿ ಜೋರು ಮಾಡಿದೆ, ತಿರುಗಿತು. ಲಿವರ್ ಕೂಡ ಬಿಗಿಯೇ. ಎರಡು ಸಲ ಕ್ಲಚ್ ಒತ್ತಿ ಎಳೆದ ಮೇಲೆ 4ಎಚ್‌ಗೆ, ಅಂದರೆ ನಾಲ್ಕೂ ಚಕ್ರದ ಮಾಮೂಲಿ ವೇಗದ ಗೇರಿಗೆ ಬಿತ್ತು.

ಅರ್ಧ ಕಿಲೋಮೀಟರ್ ಚೆನ್ನಾಗಿಯೇ ಹೋಯಿತು. ನಮ್ಮ ಪಕ್ಕದವರ ಕಬ್ಬಿನ ಗದ್ದೆ ಹತ್ತಿರ ದಾರಿ ಸ್ವಲ್ಪ ತಗ್ಗು. ಅಲ್ಲಿ ಗಾಡಿ ನಿಂತಿತು. ಆಕ್ಸಿಲರೇಟರ್ ಕೊಟ್ಟರೆ ಹಿಂದಿನ ಚಕ್ರದಿಂದ ಕೆಸರು ಹಾರುತ್ತಿದೆ, ಗಾಡಿ ಮುಂದಕ್ಕೆ ಹೋಗುತ್ತಿಲ್ಲ. ವೇಗ ಕಮ್ಮಿ, ಎಳೆತ ಜಾಸ್ತಿ ಇರುವ 4ಎಲ್ ಹಾಕಿದೆ. ಇನ್ನೂ ಕೆಳಗೆ ಇಳಿಯಿತು. ಚಿಕ್ಕಪ್ಪ ಬಾಗಿಲು ತೆಗೆದು ಕೆಸರಿಗೆ ಇಳಿದರು. ಮುಂದೆ ಹೋಗಿ ನಿಂತು, "ಕೊಡ್ಲಾ ಇನ್ನೊಂದ್ ಸಲ" ಅಂದರು. ಕೊಟ್ಟೆ. ಕೈ ಎತ್ತಿ ನಿಲ್ಲಿಸು ಅಂದರು. ಆಮೇಲೆ ನನ್ನ ಕಿಟಕಿ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಮುಂದ್ಲು ಚಕ್ರ ಎರಡೂ ಸುಮ್ಕೆ ನಿಂತವೆ ಕಣ್ಲಾ. ಹಿಂದ್ಲವು ಮಾತ್ರ ತಿರುಗ್ತಾವೆ."

ನಾನು ಇಳಿದು ನೋಡಿದೆ. ಹಬ್ಬು ಎರಡೂ ಲಾಕ್ ಅಂತಲೇ ತೋರಿಸುತ್ತಿವೆ. ಒಳಗೆ ಲಿವರ್ 4ಎಲ್ ಅಂತಲೇ ತೋರಿಸುತ್ತಿದೆ. ಎಲ್ಲ ಸರಿಯಿದೆ ಅಂತ ಗಾಡಿ ಹೇಳುತ್ತಿದೆ, ಚಕ್ರ ಮಾತ್ರ ತಿರುಗುತ್ತಿಲ್ಲ. ನನಗೆ ಆಗ ಬಂದಿದ್ದು ಸಿಟ್ಟಿಗಿಂತ ಹೆಚ್ಚಾಗಿ ದುಃಖ. ಚಿಕ್ಕಪ್ಪ ಬೈಯಲಿಲ್ಲ. ಒಂದು ಮೂಟೆ ಹೆಗಲಿಗೆ ಹಾಕಿಕೊಂಡು ತೋಟದ ಕಡೆ ನಡೆದರು. ಇನ್ನೊಂದನ್ನು ನಾನು ಹೊತ್ತೆ. ಒಂದು ಗಂಟೆ ಬಿಟ್ಟು ಟ್ರ್ಯಾಕ್ಟರ್ ಬಂದು ಹಗ್ಗ ಕಟ್ಟಿ ಹಿಂದಕ್ಕೆ ಎಳೆಯಿತು.

ಬನ್ನಿಮಂಟಪದ ಗ್ಯಾರೇಜಿನಲ್ಲಿ

ಮಾರನೇ ವಾರ ಬನ್ನಿಮಂಟಪದ ಕಡೆ ಒಂದು ಗ್ಯಾರೇಜಿಗೆ ಕೊಂಡೊಯ್ದೆ. ಹಳೇ ಜೀಪು, ಜಿಪ್ಸಿ ಕೆಲಸ ಮಾಡುವವರು, ಅರವತ್ತು ದಾಟಿದ ಭಾಯ್. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಲಿವರ್ ಮುಟ್ಟಲಿಲ್ಲ, ಮುಂದಕ್ಕೂ ಹಿಂದಕ್ಕೂ ಶಕ್ತಿ ಕಳಿಸುವ ಟ್ರಾನ್ಸ್‌ಫರ್ ಕೇಸ್ ನೋಡಲಿಲ್ಲ. ನೇರವಾಗಿ ಮುಂದಿನ ಎಡ ಚಕ್ರಕ್ಕೆ ಜಾಕಿ ಕೊಟ್ಟರು. ಹಬ್ಬು ಫ್ರೀಯಲ್ಲಿಟ್ಟು ಕೈಯಲ್ಲಿ ಚಕ್ರ ತಿರುಗಿಸಿದರು. ಹಗುರಾಗಿ ತಿರುಗಿತು. ಲಾಕ್ ಮಾಡಿ ತಿರುಗಿಸಿದರು. ಆಗಲೂ ಅಷ್ಟೇ ಹಗುರ. "ನೋಡಿ ಸಾರ್, ಈಗ ಕೈಗೆ ಭಾರ ಸಿಗಬೇಕು. ಒಳಗಡೆ ಶಾಫ್ಟ್ ಸದ್ದು ಬರಬೇಕು. ಇಲ್ಲ" ಅಂದರು. ಆಮೇಲೆ ಹಬ್ಬಿನ ಮುಚ್ಚಳದ ಬೋಲ್ಟುಗಳನ್ನು ಬಿಚ್ಚಿದರು.

ಒಳಗಿದ್ದುದನ್ನು ನಾನು ಮರೆಯುವುದಿಲ್ಲ. ಗ್ರೀಸು ಅನ್ನುವುದು ಗ್ರೀಸಾಗಿ ಉಳಿದಿರಲಿಲ್ಲ. ಆಲೆಮನೆಯಲ್ಲಿ ಕೊಪ್ಪರಿಗೆ ತಳಕ್ಕೆ ಸೀದು ಹಿಡಿದ ಪಾಕದ ಹಾಗೆ ಕಂದು ಬಣ್ಣಕ್ಕೆ ತಿರುಗಿ, ಗಟ್ಟಿಯಾಗಿ ಅಂಟಿಕೊಂಡಿತ್ತು. ಹಬ್ಬಿನ ಒಳಗೆ ಹಲ್ಲುಗಳಿರುವ ಒಂದು ಉಂಗುರ ಇರುತ್ತದೆ. ಹೊರಗಡೆ ನಾವು ಗುಂಡಿ ತಿರುಗಿಸಿದಾಗ ಅದು ಒಳಕ್ಕೆ ಸರಿದು ಶಾಫ್ಟಿನ ಹಲ್ಲಿಗೂ ಹಬ್ಬಿನ ಹಲ್ಲಿಗೂ ಕೂತುಕೊಳ್ಳಬೇಕು. ಆಗ ಚಕ್ರವೂ ಶಾಫ್ಟೂ ಒಂದಾಗುತ್ತವೆ. ಇಲ್ಲಿ ಗುಂಡಿ ತಿರುಗಿತ್ತು, ಸ್ಪ್ರಿಂಗ್ ಒತ್ತಿತ್ತು, ಉಂಗುರ ಮಾತ್ರ ಆ ಗಟ್ಟಿ ಗ್ರೀಸಿನಲ್ಲಿ ಹೂತು ನಿಂತಿತ್ತು. ಭಾಯ್ ಸ್ಕ್ರೂಡ್ರೈವರ್ ತುದಿಯಿಂದ ಕೆರೆದು ಬೆರಳಿಗೆ ತೆಗೆದುಕೊಂಡು ತೋರಿಸಿದರು. ಅದು ಪುಡಿಪುಡಿಯಾಗಿ ಉದುರಿತು.

"ಬಲಗಡೆಯದು ಸರಿ ಇದೆಯಲ್ಲ ಭಾಯ್, ಆ ಚಕ್ರವಾದರೂ ತಿರುಗಬೇಕಿತ್ತಲ್ಲ?" ಅಂತ ಕೇಳಿದೆ. ಅವರು ಹೇಳಿದ್ದು ಆವತ್ತೇ ನನಗೆ ಪೂರಾ ಅರ್ಥವಾಯಿತು. ಮುಂದಿನ ಹೌಸಿಂಗಿನ ಮಧ್ಯೆ ಡಿಫರೆನ್ಷಿಯಲ್ ಇದೆ. ಎರಡು ಕಡೆಗೆ ಶಕ್ತಿ ಹಂಚುವುದು ಅದು. ಆದರೆ ಯಾವ ಕಡೆ ತಡೆ ಕಮ್ಮಿಯೋ ಆ ಕಡೆಗೇ ತಿರುಗುತ್ತದೆ. ಎಡಗಡೆ ಹಬ್ಬು ಲಾಕ್ ಆಗದೆ ಶಾಫ್ಟ್ ಬರಿದೇ ತಿರುಗುತ್ತಿದ್ದರೆ, ತಿರುಗಾಟವೆಲ್ಲ ಅಲ್ಲೇ ಹೋಗಿಬಿಡುತ್ತದೆ. ಬಲಗಡೆ ಚಕ್ರಕ್ಕೆ ಏನೂ ಸಿಗುವುದಿಲ್ಲ. ಒಂದು ಹಬ್ಬು ಕೈಕೊಟ್ಟರೆ ಮುಂದಿನ ಎರಡೂ ಚಕ್ರ ಹೋದಂತೆ. ನಾನು ಕೆಸರಿನಲ್ಲಿ ಆಕ್ಸಿಲರೇಟರ್ ಕೊಡುತ್ತಿದ್ದಾಗ ಆ ಎಡ ಶಾಫ್ಟು ಒಳಗೆ ಸುಮ್ನೆ ಸುತ್ತುತ್ತಿತ್ತು.

ಬಿಚ್ಚಿದ ಮೇಲೆ ಉಳಿದಿದ್ದೂ ಹೊರಬಂತು. ಮುಂದಿನ ಆಕ್ಸಲ್‌ನ ಆಯಿಲ್ ಸೀಲ್ ಒಣಗಿ ಬಿರಿದಿತ್ತು. ಡಿಫರೆನ್ಷಿಯಲ್ ಆಯಿಲ್ ಸೋರಿ, ಮುಂದಿನ ಚಕ್ರ ಅತ್ತಿತ್ತ ತಿರುಗುವ ಕೀಲಿನ (ನಕಲ್) ಒಳಗಿನ ಗ್ರೀಸಿಗೆ ಸೇರಿತ್ತು. ಕಿಂಗ್ ಪಿನ್ ಬೇರಿಂಗಿನಲ್ಲಿ ತುಕ್ಕು. ಆಯಿಲ್ ಎಷ್ಟು ವರ್ಷದ್ದೋ, ಬಿಟ್ಟರೆ ಅಡಿಯಲ್ಲಿ ನೀರಿನ ಹನಿ ಕಂಡಿತು. ಭಾಯ್ ಕೈ ಒರೆಸಿಕೊಳ್ಳುತ್ತಾ ಹೇಳಿದರು, "ಓಡಿಸಿ ಹೋಗಿದ್ದಲ್ಲ ಸಾರ್ ಇದು. ನಿಂತೇ ಹೋಗಿರೋದು."

ಮೇಷ್ಟ್ರು ಗಾಡಿಯನ್ನು ಪ್ರೀತಿಯಿಂದಲೇ ಇಟ್ಟಿದ್ದರು. ಎಂಜಿನ್ ಆಯಿಲ್ ಕಾಲಕಾಲಕ್ಕೆ ಬದಲಿಸಿದ್ದಾರೆ, ಬಿಲ್ಲು ಎತ್ತಿಟ್ಟಿದ್ದಾರೆ. ಆದರೆ ಹಬ್ಬು ಫ್ರೀಯಲ್ಲಿದ್ದರೆ ಮುಂದಿನ ಶಾಫ್ಟು, ಡಿಫರೆನ್ಷಿಯಲ್‌ನ ಹಲ್ಲುಚಕ್ರಗಳಾದ ಕ್ರೌನ್, ಪಿನಿಯನ್ ಯಾವುದೂ ತಿರುಗುವುದಿಲ್ಲ. ತಿರುಗದಿದ್ದರೆ ಆಯಿಲ್ ಮೇಲಕ್ಕೆ ಚಿಮ್ಮುವುದಿಲ್ಲ. ಹೌಸಿಂಗಿನ ಮೇಲರ್ಧ ಒಣಗಿ ನಿಲ್ಲುತ್ತದೆ. ಸೀಲಿನ ರಬ್ಬರಿಗೆ ಎಣ್ಣೆ ಸಿಗುವುದಿಲ್ಲ. ವರ್ಷಗಟ್ಟಲೆ ಹೀಗೇ. ಹೊರಗಡೆ ಗಾಡಿ ಹೊಳೆಯುತ್ತಿರುತ್ತದೆ.

ಟೈರಿನದ್ದೂ ಇದೇ ಕತೆ. ಕೊಳ್ಳುವಾಗ ಟೈರಿನ ಬಟನ್ ನೋಡಿ ಹೊಸದರ ಹಾಗಿದೆ ಅಂದುಕೊಂಡಿದ್ದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ನನ್ನದರಲ್ಲಿ 3410 ಅಂತಿತ್ತು. ಅಂದರೆ 2010ರ 34ನೇ ವಾರದಲ್ಲಿ ತಯಾರಾದದ್ದು. ಸವೆದಿರಲಿಲ್ಲ, ಆದರೆ ಉಗುರು ಒತ್ತಿದರೆ ಕಲ್ಲಿನಂತೆ ಗಟ್ಟಿ. ಒದ್ದೆ ಟಾರಿನ ಮೇಲೆ ಬ್ರೇಕ್ ಹಾಕಿದಾಗ ಜಾರುತ್ತಿದ್ದುದು ಯಾಕೆ ಅಂತ ಆವತ್ತು ತಿಳಿಯಿತು. ನಾಲ್ಕೂ ಬದಲಿಸಿದೆ. ಬ್ರೇಕ್ ಆಯಿಲ್ ಕೂಡ ಗಾಳಿಯ ತೇವ ಹೀರಿಕೊಂಡು ಕಪ್ಪಗಾಗಿತ್ತು. ಹಿಂದಿನ ಡ್ರಮ್ಮಿನ ವೀಲ್ ಸಿಲಿಂಡರ್ ಒಂದು ಹಿಡಿದುಕೊಂಡಿತ್ತು.

ಒಂದು ಹಬ್ಬಿನ ಸಾಮಾನು ಮೈಸೂರಿನಲ್ಲಿ ಸಿಗಲಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಮೂರು ಅಂಗಡಿ ಹುಡುಕಿ ತಂದೆ. ಜಿಪ್ಸಿ ತಯಾರಿಕೆ ನಿಂತಿದ್ದರೂ ಸೇನೆಯಲ್ಲಿ ಸಾವಿರಗಟ್ಟಲೆ ಗಾಡಿ ಇದ್ದವಲ್ಲ, ಹಾಗಾಗಿ ಸಾಮಾನು ಇನ್ನೂ ಸಿಗುತ್ತದೆ. ಮೊದಲ ವರ್ಷ ಒಟ್ಟು ಎಪ್ಪತ್ತೆರಡು ಸಾವಿರ ಖರ್ಚಾಯಿತು. ಹಳೇ ಫೋರ್ ವೀಲ್ ಕೊಳ್ಳುವವರಿಗೆ ನಾನು ಒಂದೇ ಲೆಕ್ಕ ಹೇಳುವುದು. ನಿಮ್ಮ ಹತ್ತಿರ ಮೂರು ಲಕ್ಷ ಇದ್ದರೆ ಎರಡು ಲಕ್ಷದ ಗಾಡಿ ನೋಡಿ. ಉಳಿದ ಒಂದು ಲಕ್ಷ ಗ್ಯಾರೇಜಿನದು.

ನೋಡಲು ಹೋದಾಗ

ಈಗ ಯಾರಾದರೂ ಜೊತೆಗೆ ಬಾ ಅಂದರೆ ನಾನು ಮೊದಲು ಮಾಲೀಕರನ್ನು ಕೇಳುವುದು, "ಫೋರ್ ವೀಲ್ ಕೊನೇ ಸಲ ಯಾವಾಗ ಹಾಕಿದ್ರಿ, ಎಲ್ಲಿ ಹಾಕಿದ್ರಿ?" ಅಂತ. "ಹೋದ ತಿಂಗಳು ತೋಟಕ್ಕೆ ಹೋಗುವಾಗ" ಅಂದವರ ಗಾಡಿಯ ಕೆಳಗೆ ಕೆಸರಿದ್ದರೂ ನನಗೆ ಸಮಾಧಾನ. ಆಮೇಲೆ ಗಾಡಿಯನ್ನು ಮಣ್ಣಿನ ಜಾಗಕ್ಕೆ ತೆಗೆದುಕೊಂಡು ಹೋಗಬೇಕು. ಟಾರಿನ ಮೇಲೆ ಬೇಡ. ಎರಡೂ ಹಬ್ಬು ಲಾಕ್ ಮಾಡಿ, 4ಎಚ್ ಹಾಕಿ, ಸ್ಟೀರಿಂಗ್ ಪೂರಾ ತಿರುಗಿಸಿ ನಿಧಾನಕ್ಕೆ ಬಿಡಬೇಕು. ಗಾಡಿ ಹಿಡಿದಿಟ್ಟ ಹಾಗೆ ಬಿಗಿಯಾಗಿ ಚಲಿಸಿದರೆ ಮುಂದಿನ ಚಕ್ರಕ್ಕೆ ಶಕ್ತಿ ಹೋಗುತ್ತಿದೆ ಅಂತ ಅರ್ಥ. ಸಲೀಸಾಗಿ ತಿರುಗಿಬಿಟ್ಟರೆ ಅನುಮಾನ ಪಡಬೇಕು. ಕೊಳ್ಳುವ ಮುಂಚೆ ಐದು ನಿಮಿಷ ಇದನ್ನು ಮಾಡಿದ್ದರೆ ನನಗೆ ಅಂದೇ ಗೊತ್ತಾಗುತ್ತಿತ್ತು. ಮೇಷ್ಟ್ರು ಬೇಡ ಅನ್ನುತ್ತಿರಲಿಲ್ಲ. ನಾನೇ ಕೇಳಲಿಲ್ಲ.

ಟಾರಿನ ಮೇಲೆ ಯಾಕೆ ಬೇಡ ಅಂತ ಎಷ್ಟೋ ಜನ ಕೇಳುತ್ತಾರೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ಸುತ್ತು ಹೊಡೆಯುತ್ತವೆ. ಈ ಗಾಡಿಗಳಲ್ಲಿ ಮುಂದಕ್ಕೂ ಹಿಂದಕ್ಕೂ ನಡುವೆ ಡಿಫರೆನ್ಷಿಯಲ್ ಇಲ್ಲ. ಎರಡೂ ಶಾಫ್ಟು ಒಂದೇ ವೇಗದಲ್ಲಿ ತಿರುಗಲೇಬೇಕು. ಕೆಸರಿನಲ್ಲಾದರೆ ಯಾವುದೋ ಒಂದು ಚಕ್ರ ಸ್ವಲ್ಪ ಜಾರಿ ಸರಿದೂಗಿಸಿಕೊಳ್ಳುತ್ತದೆ. ಒಣ ಟಾರು ಜಾರಲು ಬಿಡುವುದಿಲ್ಲ. ಆ ಒತ್ತಡವೆಲ್ಲ ಶಾಫ್ಟು, ಗೇರು, ಶಾಫ್ಟಿನ ಕೀಲಾದ ಯುಜೆ ಕ್ರಾಸ್ ಮೇಲೆ ಕೂರುತ್ತದೆ. ಲಿವರ್ ಹಿಂದಕ್ಕೆ ಬರುವುದೇ ಇಲ್ಲ. ಹಾಗೆ ಸಿಕ್ಕಿಕೊಂಡರೆ ಜೋರು ಮಾಡಬೇಡಿ. ನೇರವಾಗಿ ಹತ್ತಡಿ ರಿವರ್ಸ್ ತೆಗೆದುಕೊಂಡರೆ ಬಿಟ್ಟುಕೊಳ್ಳುತ್ತದೆ.

ಇನ್ನು ತುಕ್ಕು. ಕಾಲ ಕೆಳಗಿನ ಮ್ಯಾಟ್ ಎತ್ತಿ ನೋಡದೆ ದುಡ್ಡು ಕೊಡಬಾರದು. ಚಾಸಿಯಲ್ಲಿ ಲೀಫ್ ಪ್ಲೇಟಿನ ಕೊಂಡಿ (ಶಾಕಲ್) ಕೂರುವ ಜಾಗಕ್ಕೆ ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿ. ಗಟ್ಟಿ ಕಬ್ಬಿಣದ ಸದ್ದು ಬೇರೆ, ತಿಂದುಹೋದ ಕಬ್ಬಿಣದ ಸದ್ದು ಬೇರೆ. ಮೇಲಿನ ಬಾಡಿಯನ್ನು ಟಿಂಕರಿಂಗ್ ಮಾಡಿಸಬಹುದು, ಚಾಸಿ ಹೋದರೆ ಗಾಡಿ ಹೋದಂತೆಯೇ.

ಕಾಗದ, ಪೆಟ್ರೋಲು

ಕಾಗದದ ವಿಷಯ ಬೇಗ ಮುಗಿಸುತ್ತೇನೆ. ಸ್ವಂತ ಬಳಕೆಯ ಗಾಡಿಗೆ ಆರ್‌ಸಿ ಹದಿನೈದು ವರ್ಷ. ಆಮೇಲೆ ಐದೈದು ವರ್ಷಕ್ಕೆ ರಿನ್ಯೂವಲ್. ನನ್ನದು 1998ರದ್ದು. 2013, 2018 ಮೇಷ್ಟ್ರ ಕಾಲದಲ್ಲಿ ಆಗಿತ್ತು. 2023ರಲ್ಲಿ ನನ್ನ ಸರದಿ ಬಂತು. ಅಷ್ಟರಲ್ಲಿ ಕೇಂದ್ರದವರು 2022ರ ಏಪ್ರಿಲ್‌ನಿಂದ ಕಾರು ಜೀಪುಗಳ ರಿನ್ಯೂವಲ್ ಶುಲ್ಕವನ್ನು 600 ರೂಪಾಯಿಯಿಂದ 5,000ಕ್ಕೆ ಏರಿಸಿದ್ದರು. 2025ರ ಆಗಸ್ಟ್‌ನಲ್ಲಿ ಇಪ್ಪತ್ತು ವರ್ಷ ದಾಟಿದವಕ್ಕೆ 10,000 ಮಾಡಿದ್ದಾರೆ. ಮೇಲೆ ಹಸಿರು ತೆರಿಗೆ ಬೇರೆ. ಹಾಗಾಗಿ ಕೊಳ್ಳುವಾಗ ಆರ್‌ಸಿ ಯಾವತ್ತಿನವರೆಗೆ ಇದೆ ಅಂತ ನೋಡಿ, ಅದನ್ನೂ ಬೆಲೆಯಲ್ಲಿ ಸೇರಿಸಿ ಮಾತಾಡಿ. ಫಾರಂ 29, 30ಕ್ಕೆ ಮಾಲೀಕರ ಸಹಿ ಅಂದೇ ಹಾಕಿಸಿಕೊಳ್ಳಿ. ಚಾಸಿ ನಂಬರನ್ನು ನೀವೇ ಒರೆಸಿ ಓದಿ ಆರ್‌ಸಿ ಜೊತೆ ತಾಳೆ ನೋಡಿ. ಸಾಲ ಇದ್ದದ್ದು ತೀರಿದೆಯಾ, ಪೊಲೀಸ್ ದಂಡ ಬಾಕಿ ಇದೆಯಾ ನೋಡಿ. ಇಷ್ಟೇ.

ಪೆಟ್ರೋಲ್ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು. ನನ್ನ ಗಾಡಿ ಲೀಟರಿಗೆ ಒಂಬತ್ತು, ಹತ್ತು ಕೊಡುತ್ತದೆ. ಅದು ಗೊತ್ತಿದ್ದೇ ಕೊಂಡಿದ್ದು. ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲ್. 1998ರ ಕಾರ್ಬುರೇಟರ್ ಗಾಡಿಯನ್ನು ಅದಕ್ಕೆ ಅಂತ ಮಾಡಿಲ್ಲ. ಎಥನಾಲ್ ಹಳೇ ರಬ್ಬರ್ ಪೈಪನ್ನು ಮೆತ್ತಗೆ ಮಾಡುತ್ತದೆ, ತೇವವನ್ನೂ ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ಗಾಡಿ ನಿಂತರೆ ಟ್ಯಾಂಕಿನ ತಳಕ್ಕೆ ನೀರು ಸೇರುತ್ತದೆ, ತುಕ್ಕು ಶುರುವಾಗುತ್ತದೆ, ಕಾರ್ಬುರೇಟರ್ ಜೆಟ್ ಕಟ್ಟಿಕೊಳ್ಳುತ್ತದೆ. ನಾನು ಟ್ಯಾಂಕಿನಿಂದ ಎಂಜಿನ್‌ವರೆಗಿನ ರಬ್ಬರ್ ಪೈಪನ್ನೆಲ್ಲ ಬದಲಿಸಿದೆ, ಫಿಲ್ಟರ್ ಬೇಗ ಬೇಗ ಬದಲಿಸುತ್ತೇನೆ. ಜಾಸ್ತಿ ದಿನ ಗಾಡಿ ನಿಲ್ಲಿಸುವುದಿಲ್ಲ. ಬಂಕಿನಲ್ಲಿ ನಿಂತಾಗ ಒಂದು ಯೋಚನೆ ಬರುತ್ತದೆ. ಎಥನಾಲ್ ಮಾಡುವುದು ಕಬ್ಬಿನಿಂದಲೂ ತಾನೆ. ನನ್ನ ಗಾಡಿ ಹೂತುಕೊಂಡಿದ್ದು ಕಬ್ಬಿನ ಗದ್ದೆ ಪಕ್ಕದಲ್ಲಿ. ನಮ್ಮ ಜಿಲ್ಲೆಯ ಬೆಳೆ ಈಗ ಅದರ ಟ್ಯಾಂಕಿಗೂ ಬಂದಿದೆ.

ನಾಲೆ ಏರಿಯ ಮೇಲೆ

ಫೋರ್ ವೀಲ್ ಇದ್ದರೆ ಗಾಡಿ ಎಲ್ಲಿ ಬೇಕಾದರೂ ಹೋಗುತ್ತದೆ ಅನ್ನುವ ಧೈರ್ಯ ಹುಡುಗರಿಗೆ ಬರುತ್ತದೆ. ನನ್ನ ಅಣ್ಣನ ಮಗನಿಗೂ ಬಂದಿತ್ತು. ಒಂದು ದಿನ ನಾಲೆ ಏರಿ ಮೇಲೆ ಓಡಿಸುವಾಗ ಅವನು ಜೋರು ಮಾಡಿದ. ಗಾಡಿ ನಿಲ್ಲಿಸಿ ಇಳಿಸಿಬಿಟ್ಟೆ. ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವುದರಿಂದ ಹೊರಡುವುದು ಸುಲಭ, ಹತ್ತುವುದು ಸುಲಭ. ನಿಲ್ಲುವುದಕ್ಕೆ ಅದರಿಂದ ಏನೂ ಸಹಾಯವಿಲ್ಲ. ಬ್ರೇಕು ಎಲ್ಲ ಗಾಡಿಗೂ ನಾಲ್ಕು ಚಕ್ರಕ್ಕೇ ಇರುವುದು. ಜಿಪ್ಸಿ ಎತ್ತರದ ಗಾಡಿ, ಅಗಲ ಕಮ್ಮಿ. ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಜೋರಾಗಿ ಸ್ಟೀರಿಂಗ್ ಎಳೆದರೆ ವಾಲುತ್ತದೆ.

2018ರ ನವೆಂಬರ್ 24, ಶನಿವಾರ. ನಮ್ಮ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಬಿತ್ತು. 30 ಜನ ಹೋದರು. ಅದರಲ್ಲಿ ಶಾಲೆ ಮಕ್ಕಳಿದ್ದರು. ನಾನು ಜಿಪ್ಸಿ ಕೊಳ್ಳುವ ನಾಲ್ಕು ತಿಂಗಳ ಮುಂಚಿನ ಮಾತು. ಆಮೇಲೂ ಕಾರುಗಳು ನಾಲೆಗೆ ಬಿದ್ದಿವೆ. ತಡೆಗೋಡೆ ಇಲ್ಲದ ನಾಲೆ ರಸ್ತೆ ಇವತ್ತಿಗೂ ಇದೆ. ಇದು ಆಗಲೇಬೇಕಾದ ಕೆಲಸ, ಯಾವ ಗಾಡಿ ಓಡಿಸುವವನಾದರೂ ಕೇಳಬೇಕಾದ್ದು. ನಾನು ಏರಿ ಮೇಲೆ ಇಪ್ಪತ್ತರ ಮೇಲೆ ಹೋಗುವುದಿಲ್ಲ. ಕಿಟಕಿ ಗಾಜು ಇಳಿಸಿಕೊಂಡೇ ಹೋಗುತ್ತೇನೆ. ಹಿಂದಿನವರು ಹಾರನ್ ಹೊಡೆದರೆ ಜಾಗ ಸಿಕ್ಕ ಕಡೆ ನಿಂತು ಬಿಟ್ಟುಕೊಡುತ್ತೇನೆ.

ತಿಂಗಳ ಮೊದಲ ಭಾನುವಾರ

ಭಾಯ್ ಕೆಲಸ ಮುಗಿಸಿ ಕೀಲಿ ಕೊಡುವಾಗ ಒಂದು ಮಾತು ಹೇಳಿದ್ದರು. ತಿಂಗಳಿಗೊಂದು ಸಲ ಮುಂದಿನದನ್ನು ತಿರುಗಿಸಿ ಸಾರ್, ಇಲ್ಲದಿದ್ದರೆ ಮತ್ತೆ ನನ್ನ ಹತ್ತಿರವೇ ಬರುತ್ತೀರಿ ಅಂತ. ಅದಕ್ಕೊಂದು ಸುಲಭದ ದಾರಿಯನ್ನೂ ತೋರಿಸಿಕೊಟ್ಟರು. ಹಬ್ಬು ಎರಡೂ ಲಾಕ್ ಮಾಡಿ, ಲಿವರ್ 2ಎಚ್‌ನಲ್ಲೇ, ಅಂದರೆ ಹಿಂದಿನ ಎರಡೇ ಚಕ್ರಕ್ಕೆ ಶಕ್ತಿ ಹೋಗುವಂತೆ ಬಿಟ್ಟು ಟಾರಿನ ಮೇಲೆ ಹತ್ತು ಹದಿನೈದು ಕಿಲೋಮೀಟರ್ ಓಡಿಸುವುದು. ಆಗ ಮುಂದಿನ ಚಕ್ರವೇ ಶಾಫ್ಟನ್ನು, ಕ್ರೌನನ್ನು ತಿರುಗಿಸುತ್ತದೆ. ಎಣ್ಣೆ ಎಲ್ಲ ಕಡೆ ಹೋಗುತ್ತದೆ. ಶಕ್ತಿ ಹೋಗುತ್ತಿಲ್ಲವಾದ್ದರಿಂದ ಟಾರಿನ ಮೇಲೆ ತೊಂದರೆಯಿಲ್ಲ. ಆಮೇಲೆ ಮಣ್ಣಿನ ದಾರಿ ಸಿಕ್ಕಾಗ 4ಎಚ್, 4ಎಲ್ ಒಂದೊಂದು ಸಲ ಹಾಕಿ ತೆಗೆಯುವುದು. ಲಿವರಿನ ಕೀಲು ಹಿಡಿದುಕೊಳ್ಳುವುದಿಲ್ಲ.

ಮೈಸೂರಿನೊಳಗೆ ಮಣ್ಣಿನ ದಾರಿ ಎಲ್ಲಿದೆ? ಹಾಗಾಗಿ ತಿಂಗಳ ಮೊದಲ ಭಾನುವಾರ ಊರಿಗೆ ಹೊರಡುವುದು ರೂಢಿಯಾಯಿತು. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಹೆದ್ದಾರಿ ಪೂರಾ ಉದ್ಘಾಟನೆಯಾದ ಮೇಲೂ ನಾನು ಸರ್ವಿಸ್ ರಸ್ತೆಯಲ್ಲೇ ಹೋಗುವುದು. ಎಂಬತ್ತರ ಮೇಲೆ ಈ ಗಾಡಿ ನಡುಗುತ್ತದೆ, ಪಕ್ಕದಲ್ಲಿ ಎಲ್ಲರೂ ನೂರರಲ್ಲಿ ಹಾದು ಹೋಗುತ್ತಾರೆ. ಶ್ರೀರಂಗಪಟ್ಟಣ ದಾಟಿ, ಪಾಂಡವಪುರ ರೈಲ್ವೆ ಸ್ಟೇಷನ್ ಹತ್ತಿರ ಒಂದು ಟೀ ಕುಡಿದು, ಮುಟ್ಟಿ ನೋಡುತ್ತೇನೆ. ಹಬ್ಬು ಎರಡೂ ಬೆಚ್ಚಗೆ, ಒಂದೇ ಸಮ ಇರಬೇಕು. ಒಂದು ಜಾಸ್ತಿ ಬಿಸಿ ಇದ್ದರೆ ಬೇರಿಂಗ್ ನೋಡಿಸಬೇಕು. ವರ್ಷಕ್ಕೆ ಎರಡು ಸಲ ಹೋಗುತ್ತಿದ್ದ ಊರಿಗೆ ಹೀಗೆ ಗಾಡಿಯ ನೆಪದಲ್ಲಿ ತಿಂಗಳು ತಿಂಗಳು ಹೋಗುವಂತಾಯಿತು. ಮೊದಮೊದಲು ಚಿಕ್ಕಮ್ಮ "ಏನಪ್ಪಾ, ಏನ್ ಇಸ್ಯ?" ಅಂತ ಗಾಬರಿಯಿಂದ ಕೇಳುತ್ತಿದ್ದರು. ಈಗ ಕೇಳುವುದಿಲ್ಲ. ಭಾನುವಾರ ಒಂದು ಮುದ್ದೆ ಜಾಸ್ತಿ ಕಟ್ಟಿರುತ್ತಾರೆ.

2022ರ ಅಕ್ಟೋಬರ್‌ನಲ್ಲಿ ಮಳೆ ಬಿಡಲೇ ಇಲ್ಲ. ತೋಟದ ಶೆಡ್ಡಿನಲ್ಲಿ ಎರಡು ಹಸು, ಕರು. ಹಿಂಡಿ ಮುಗಿದಿತ್ತು. ಹೊತ್ತುಕೊಂಡು ಹೋಗುವ ವಯಸ್ಸು ಚಿಕ್ಕಪ್ಪನಿಗೆ ಈಗಿಲ್ಲ. ಮೂರು ಮೂಟೆ ಹಾಕಿಕೊಂಡು ಹೊರಟೆವು. ಟಾರು ಮುಗಿಯುವ ಕಡೆ ನಿಲ್ಲಿಸಿದೆ. ನಾನು ಇಳಿದು ಬಲಗಡೆ ಹಬ್ಬು ತಿರುಗಿಸುವಷ್ಟರಲ್ಲಿ ಚಿಕ್ಕಪ್ಪ ತಾವೇ ಇಳಿದು ಎಡಗಡೆಗೆ ಹೋಗಿ ಬಗ್ಗಿದ್ದರು. ಎರಡು ಬೆರಳಲ್ಲಿ ತಿರುಗಿತು. ಟಕ್ ಅಂತ ಸದ್ದು ಬಂತು.

ಅದೇ ಕಬ್ಬಿನ ಗದ್ದೆಯ ತಗ್ಗು. ಈ ಸಲ ನೀರು ಇನ್ನೂ ಜಾಸ್ತಿ. ಚಿಕ್ಕಪ್ಪ, "ತಡಿ, ನಾನು ಇಳೀತೀನಿ" ಅಂದರು. ಬೇಡ ಅಂದೆ, ಕೇಳಲಿಲ್ಲ. ತಲೆ ಮೇಲೆ ಗೊಬ್ಬರದ ಚೀಲ ಕೊಪ್ಪೆ ಹಾಕಿಕೊಂಡು ತೆವರಿ ಮೇಲೆ ನಿಂತರು. 4ಎಲ್, ಎರಡನೇ ಗೇರು. ಆಕ್ಸಿಲರೇಟರ್ ಹೆಚ್ಚು ಕೊಡಲಿಲ್ಲ. ಗಾಡಿ ತಗ್ಗಿಗೆ ಇಳಿಯಿತು, ಒಂದು ಕ್ಷಣ ತಡೆಯಿತು. ಸ್ಟೀರಿಂಗ್ ಅತ್ತಿತ್ತ ಸ್ವಲ್ಪ ಆಡಿಸಿದೆ. ಚಿಕ್ಕಪ್ಪ ಬಗ್ಗಿ ಮುಂದಿನ ಚಕ್ರವನ್ನೇ ನೋಡುತ್ತಾ ಪಕ್ಕದಲ್ಲಿ ನಡೆಯುತ್ತಿದ್ದರು. ಮಳೆ ಸದ್ದಿನಲ್ಲಿ ಅವರ ದನಿ ಕೇಳಿಸಿತು.

"ತಿರುಗ್ತಾ ಅವೆ ಕಣ್ಲಾ. ಎರಡೂ ತಿರುಗ್ತಾ ಅವೆ. ಬಾ, ಬಾ."